ಲೋಕ್ತಾಕ್‌ಗೆ ಹೋಗ್ತೀರಾ? ದೇವರನ್ನು ನೀರಿನಿಂದ ಕರೆಯುವ ದಿನ ನೋಡಿ ಹೊರಡಿ

ಮಣಿಪುರಕ್ಕೆ ಹೋದವರು ಲೋಕ್ತಾಕ್ ಸರೋವರ ನೋಡದೆ ಬರುವುದಿಲ್ಲ. ಸೆಂದ್ರಾ ಗುಡ್ಡದಿಂದ ಫೋಟೊ, ಒಂದು ಸುತ್ತು ದೋಣಿ, ಸಂಜೆಗೆ ವಾಪಸ್ ಇಂಫಾಲ್. ಅಷ್ಟಕ್ಕೇ ಮುಗಿಸಬೇಡಿ. ಇಲ್ಲಿನ ಮೈತೇಯಿ ಜನಕ್ಕೆ ನೀರು ದೇವರಿರುವ ಜಾಗ. ಇರೈ ಲೈಮಾ ಅವರ ನೀರಿನ ದೇವತೆ. ಭತ್ತದ ಫೌವೊಯ್ಬಿ, ಮೀನಿನ ಙಾರೈಮಾ ಅವಳ ಅಕ್ಕತಂಗಿಯರು. ಲೋಕ್ತಾಕ್‌ನಲ್ಲೇ ಪೌಬಿ ಲಾಯ್ ಎಂಬ ಮಹಾಸರ್ಪ ಇದ್ದ ಕಥೆಯೂ ಇದೆ.

ಈ ನಂಬಿಕೆ ಕಣ್ಣಾರೆ ನೋಡಬೇಕಾದರೆ ಊರದೇವತೆಗಳ ಹಬ್ಬ ಲಾಯ್ ಹರಾವೊಬಾಕ್ಕೆ ಹೋಗಬೇಕು. ಜಾಸ್ತಿ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಸರೋವರದ ಪಕ್ಕದ ಊರು ಮೊಯಿರಾಂಗ್‌ನ ಥಾಂಗ್‌ಜಿಂಗ್ ದೇವರ ಹಬ್ಬ ಹೆಸರುವಾಸಿ. ಸಣ್ಣ ಊರುಗಳಲ್ಲೂ ನಡೆಯುತ್ತದೆ, ದಿನ ಮಾತ್ರ ಊರಿಂದೂರಿಗೆ ಬೇರೆ. ಉಳಿದುಕೊಳ್ಳುವ ಕಡೆ ಮೊದಲೇ ಫೋನ್ ಮಾಡಿ ಕೇಳಿ.

ಶುರುವಿನ ದಿನದ ಲಾಯ್ ಇಕೌಬಾ, ಅಂದರೆ ದೇವರನ್ನು ನೀರಿನಿಂದ ಕರೆಯುವ ಆಚರಣೆ, ತಪ್ಪಿಸಿಕೊಳ್ಳಬೇಡಿ. ಮೆರವಣಿಗೆ ಕೆರೆಗೋ ಹೊಳೆಗೋ ಹೋಗುತ್ತದೆ. ಬಿಳಿ ಬಟ್ಟೆ ಉಟ್ಟ ಪೂಜಾರಿಣಿ ಮೈಬಿ, ಚಿನ್ನ ಬೆಳ್ಳಿಯ ಚೂರುಗಳನ್ನು ನೀರಿಗೆ ಅರ್ಪಿಸುತ್ತಾಳೆ. ಒಂಟಿ ತಂತಿಯ ಪೆನಾ ನುಡಿಯುತ್ತಿರುತ್ತದೆ. ನೀರಿಗೆ ಇಳಿಬಿಟ್ಟ ದಾರದ ಮೂಲಕ ದೇವರು ಮೇಲೆ ಬರುತ್ತಾರೆ ಅನ್ನುವುದು ನಂಬಿಕೆ. ಮೈಬಿಗೆ ಆವೇಶ ಬಂದು ದೇವರ ನುಡಿ ಹೊರಡುವಾಗ ಸುತ್ತ ನಿಂತವರ ಮುಖ ನೋಡಿ. ಇದು ಪ್ರವಾಸಿಗರಿಗಾಗಿ ಇಟ್ಟ ಕಾರ್ಯಕ್ರಮ ಅಲ್ಲವೇ ಅಲ್ಲ. ಅದಕ್ಕೇ ಮೈಬಿಗೂ ನೀರಿಗೂ ಮಧ್ಯೆ ಹೋಗಿ ನಿಲ್ಲಬೇಡಿ. ಕೇಳದೆ ಕ್ಯಾಮೆರಾ ತೆಗೆಯಬೇಡಿ.

ಮಾರನೇ ದಿನ ಕೈಬುಲ್ ಲಾಮ್‌ಜಾವೊಗೆ ಹೋಗಿ. ತೇಲುವ ಹುಲ್ಲುಹಾಸು ಫುಮ್ಡಿಯ ಮೇಲಿರುವ ಈ ಉದ್ಯಾನ 40 ಚದರ ಕಿಲೋಮೀಟರ್. ಸಂಗಾಯ್ ಜಿಂಕೆ ಕಾಣಬೇಕಾದರೆ ಬೆಳಗಿನ ಜಾವವೇ ಹೋಗಿ. 1983ರಲ್ಲಿ ನೀರು ತಡೆಯುವ ಇಥಾಯ್ ಬ್ಯಾರೇಜ್ ಬಂದ ಮೇಲೆ ಬೇಸಿಗೆಯಲ್ಲೂ ನೀರು ಇಳಿಯುವುದಿಲ್ಲ. ಫುಮ್ಡಿ ತಳ ಮುಟ್ಟಿ ಮಣ್ಣಿನ ಸಾರ ಹೀರುವುದು ತಪ್ಪಿ, ತೆಳುವಾಗುತ್ತಿದೆ. ದೇವರೆಂದು ಕರೆಯುವ ನೀರಿಗೇ ಹೀಗಾದದ್ದು ನನಗೆ ತುಂಬಾ ಸಂಕಟ ಕೊಟ್ಟಿತು.

ಹೊರಡುವ ಮುಂಚೆ ಹೊರರಾಜ್ಯದವರು ಮಣಿಪುರದೊಳಗೆ ಹೋಗಲು ಪಡೆಯುವ ಅನುಮತಿ, ಇನ್ನರ್ ಲೈನ್ ಪರ್ಮಿಟ್, ಬೇಕೇ ಬೇಕು, ಆನ್‌ಲೈನಲ್ಲೇ ಮಾಡಿಸಿ. 2023ರ ಮೇ ತಿಂಗಳ ಹಿಂಸೆಯ ನಂತರ ಪರಿಸ್ಥಿತಿ ಆಗಾಗ ಬದಲಾಗಿದೆ. ಟಿಕೆಟ್ ಮಾಡುವ ಮುಂಚೆ ಸುದ್ದಿ ನೋಡಿ. ಮೊಯಿರಾಂಗ್‌ನಿಂದ ದಕ್ಷಿಣಕ್ಕೆ ಸುಮ್ನೆ ಮುಂದುವರಿಯಬೇಡಿ, ಸ್ಥಳೀಯ ಡ್ರೈವರ್ ಬೇಡ ಅಂದರೆ ಬೇಡ. ಸಸ್ಯಾಹಾರಿಗಳು ಸಿಂಗ್ಜು ಎಂಬ ಸೊಪ್ಪು ತರಕಾರಿಯ ಸಲಾಡ್ ತಿನ್ನುವಾಗ ಙಾರಿ ಹಾಕಬೇಡಿ ಅಂತ ಮೊದಲೇ ಹೇಳಿ. ಅದು ಹುದುಗಿಸಿದ ಮೀನು.