‘ಪಾರ್ಟ್ನರ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ?

ಅನುವಾದ ನನ್ನ ಕಸುಬು ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಗಂಡ, ಹೆಂಡತಿ ಇದ್ದೇ ಇವೆ. ಮದುವೆಯಾಗಿದೆಯೋ ಇಲ್ಲವೋ, ಗಂಡೋ ಹೆಣ್ಣೋ ಎಂದು ಬಾಯಿಬಿಡದ ಪದ ಬೇಕಂತೆ.

ನಿಘಂಟು ‘ಸಂಗಾತಿ’ ಅನ್ನುತ್ತದೆ. ಬರೆಯುವಾಗ ನಾನೂ ಅದನ್ನೇ ಹಾಕುತ್ತೇನೆ. ಆದರೆ ಫೋನಿನಲ್ಲಿ ‘ಇರಿ, ನನ್ನ ಸಂಗಾತಿಗೆ ಕೊಡ್ತೀನಿ’ ಅಂದವರನ್ನು ಇನ್ನೂ ಕಂಡಿಲ್ಲ.

ಹಳೆಯ ಪದಗಳು ಒಂದೊಂದೂ ಒಂದೊಂದು ಗಂಟು ಹೊತ್ತಿವೆ. ‘ಪತಿ’ ಎಂದರೆ ಒಡೆಯ. ‘ಭಾರ್ಯೆ’ ಎಂದರೆ ಪೊರೆಯಬೇಕಾದವಳು, ‘ಭರ್ತಾ’ ಪೊರೆಯುವವನು. ಎರಡಕ್ಕೂ ಧಾತು ಒಂದೇ. ‘ಯಜಮಾನ’ ಮೂಲದಲ್ಲಿ ಯಜ್ಞ ಮಾಡಿಸುವವನು. ‘ಗಂಡ’ನಿಗೆ ಶೂರನೆಂಬ ಅರ್ಥವೂ ಉಂಟು. ವಿಜಯನಗರದ ಅರಸರ ‘ಮೂರು ರಾಯರ ಗಂಡ’ ಎಂಬ ಬಿರುದಿಗೂ ಮದುವೆಗೂ ಸಂಬಂಧವಿಲ್ಲ. (ನಾನು ಮೊದಲ ಸಲ ಓದಿದಾಗ ನಕ್ಕಿದ್ದೆ.)

ಪ್ರೇಮಿಗಳ ಪದಗಳ ಕಷ್ಟವೇ ಬೇರೆ. ನಲ್ಲ, ನಲ್ಲೆ, ಇನಿಯ. ಹಾಡಿನಲ್ಲಿ ಎಷ್ಟು ಚೆಂದ! ‘ನನ್ನ ಇನಿಯ ಸ್ನಾನಕ್ಕೆ ಹೋಗಿದ್ದಾನೆ’ ಅಂದು ನೋಡಿ. ‘ಪ್ರೇಯಸಿ’, ‘ಪ್ರಿಯಕರ’ ಅಪರಾಧ ಸುದ್ದಿಗಳಲ್ಲಿ ಓಡಾಡಿ ಕೆಟ್ಟವು. ಬಾಯಲ್ಲಿ ಉಳಿದಿರುವುದು ‘ನನ್ನ ಹುಡುಗ’, ‘ನನ್ನ ಹುಡುಗಿ’ ಮಾತ್ರ.

ನನ್ನನ್ನು ಕೇಳಿದರೆ, ಬೇಕಾದ ಪದ ಮನೆಯಲ್ಲೇ ಇದೆ: ‘ನಮ್ಮ ಮನೆಯವರು’. ಹೆಂಡತಿ ಗಂಡನಿಗೂ ಅನ್ನುತ್ತಾಳೆ, ಗಂಡ ಹೆಂಡತಿಗೂ ಅನ್ನುತ್ತಾನೆ. ‘ಬಂದ’, ‘ಬಂದಳು’ ಅಂದರೆ ಗುಟ್ಟು ರಟ್ಟು. ‘ಮನೆಯವರು ಬಂದರು’ ಅಂದರೆ ಬಂದದ್ದು ಯಾರೆಂದು ತಿಳಿಯುವುದಿಲ್ಲ. ಮರ್ಯಾದೆಯ ಬಹುವಚನ ಲಿಂಗವನ್ನೂ ಮುಚ್ಚಿಬಿಡುತ್ತದೆ. ಗಂಡನ ಹೆಸರೆತ್ತಬಾರದು ಎಂಬ ಕಾಲದಲ್ಲಿ ಹೆಂಗಸರಿಗೆ ಆಸರೆಯಾಗಿದ್ದ ಮಾತು, ಇವತ್ತು ಇಬ್ಬರು ಹೆಂಗಸರು ಜೊತೆಯಾಗಿ ಬಾಳಿದರೂ ಹಾಗೇ ಒದಗುತ್ತದೆ. ಇದು ನನಗೆ ಬಲು ಇಷ್ಟ. ‘ದಂಪತಿ’ಯ ‘ದಂ’ ಕೂಡ ವೇದದ ಭಾಷೆಯಲ್ಲಿ ಮನೆಯೇ. ಅಲ್ಲಿ ಇಬ್ಬರೂ ಒಡೆಯರು.

ಒಂದೇ ಮನೆಯಲ್ಲಿ ಇರದವರು ಏನು ಮಾಡಬೇಕು? 55 ದಾಟಿದ ಗೆಳತಿಯೊಬ್ಬಳು ಕೇಳಿದಳು. ‘ನನ್ನ ಹುಡುಗ ಅನ್ನು’ ಅಂದೆ. ‘ಅವನ ತಲೆ ನೋಡಿದ್ದೀಯಾ? ಮೂರು ಕೂದಲಿವೆ’ ಅಂದಳು. ಈಗ ‘ನಮ್ಮವರು’ ಅನ್ನುತ್ತಾಳೆ. ‘ನಿಮ್ಮವರು ಅಂದ್ರೆ ಯಾರು?’ ಎಂದು ಇದುವರೆಗೆ ಯಾರೂ ಕೇಳಿಲ್ಲವಂತೆ.