ತಲೆಯಿಂದಲೇ ಕಾಲು

3-4 ವರ್ಷದ ಮಕ್ಕಳು ಬಿಡಿಸುವ ಮನುಷ್ಯನನ್ನು ನೋಡಿದ್ದೀರಾ? ಗುಂಡನೆಯ ತಲೆ, ಅದರಿಂದಲೇ ನೇರವಾಗಿ ಇಳಿದ ಎರಡು ಕಾಲು. ಹೊಟ್ಟೆಯೇ ಇಲ್ಲ! ಕೆಲವರು ಕಿವಿ ಇರಬೇಕಾದ ಜಾಗಕ್ಕೆ ಕೈ ಅಂಟಿಸಿಬಿಡುತ್ತಾರೆ. ಸರಿಯಾಗಿದೆಯಾ ಅಂತ ಕೇಳುವುದಿಲ್ಲ. "ನೋಡು, ಇದು ನಾನು" ಅಂತ ಮುಖಕ್ಕೇ ಹಿಡಿಯುತ್ತಾರೆ.

9-10 ದಾಟುವಾಗ ರಬ್ಬರ್ ಜಾಸ್ತಿ ಸವೆಯುತ್ತದೆ. ಪಕ್ಕದವರ ಹಾಳೆ ಕಡೆ ಕಣ್ಣು ಹೋಗುತ್ತದೆ. ಬಹಳ ಜನ ಬಿಡಿಸುವುದನ್ನು ನಿಲ್ಲಿಸುವುದೂ ಆ ವಯಸ್ಸಿನಲ್ಲೇ. ದೊಡ್ಡವರಂತೂ ಕೇಳಲೇಬೇಡಿ, ಪೆನ್ಸಿಲ್ ಮುಟ್ಟುವ ಮೊದಲೇ "ನನಗೆ ಡ್ರಾಯಿಂಗ್ ಬರಲ್ಲಪ್ಪ" ಅಂತ ಕೈ ಎತ್ತುತ್ತೇವೆ.

ನಾನೂ ಅದೇ ಗುಂಪು. ಆದರೆ ಫೋನಿನಲ್ಲಿ ಮಾತಾಡುತ್ತಾ ಹಾಳೆಯ ಅಂಚಿನಲ್ಲಿ ಸುಮ್ನೆ ಏನೇನೋ ಗೀಚುತ್ತಿರುತ್ತೇನೆ. ಯಾರೂ ಮಾರ್ಕ್ಸ್ ಕೊಡಲ್ಲ ಅನ್ನುವ ಧೈರ್ಯ ಇರಬೇಕು, ಅಲ್ವಾ?