ಬರೆಯುವ ಮೊದಲು ಓದಿಟ್ಟುಕೊಂಡ 16 ಎಂಬಿ

ಕಚೇರಿಯ ಕಂಪ್ಯೂಟರ್‌ಗಳ ನಿರ್ವಹಣೆ ನನ್ನ ಕೆಲಸ. ಒಂದು ಸಂಜೆ ಲೆಕ್ಕಪತ್ರ ವಿಭಾಗದ ಯಂತ್ರವೊಂದರ ಬಯಾಸ್ (ಆನ್ ಮಾಡಿದೊಡನೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಅರ್ಧದಲ್ಲಿ ನಿಂತು, ಅದರ ಮದರ್‌ಬೋರ್ಡ್ ಪೂರ್ತಿ ಡೆಡ್ ಆಯಿತು. ತಪ್ಪು ನನ್ನದೇ. ಅಪ್‌ಡೇಟ್ ಶುರು ಮಾಡಿ, ಪರದೆಯ ಮೇಲೆ ಶೇಕಡಾವಾರು ಅಂಕಿ ಏರುತ್ತಿರುವುದನ್ನು ನೋಡಿ, ನಾನು ಇನ್ನೊಂದು ಕೆಲಸಕ್ಕೆ ಎದ್ದು ಹೋಗಿದ್ದೆ. ನಡುವೆ ಪರದೆ ಕಪ್ಪಾದಾಗ, ಯಂತ್ರ ಹ್ಯಾಂಗ್ ಆಗಿದೆಯೆಂದು ತಿಳಿದ ಸಹೋದ್ಯೋಗಿ ಪವರ್ ಬಟನ್ನನ್ನು ಒತ್ತಿ ಹಿಡಿದರು. ಬೇರೆ ದಿನಗಳಲ್ಲಿ ಅದು ಸರಿಯಾದ ಉಪಾಯವೇ ಆಗಿದ್ದಿತು. ಆ ಹೊತ್ತಿನಲ್ಲಿ ಹಾಗೆ ಮಾಡಬಾರದೆಂದು ಮೊದಲೇ ತಿಳಿಸಬೇಕಾದವನು ನಾನು, ತಿಳಿಸಿರಲಿಲ್ಲ.

ಅನಂತರ ಆನ್ ಮಾಡಿದರೆ ಫ್ಯಾನ್ ತಿರುಗುತ್ತಿತ್ತು, ಅಷ್ಟೇ. ಪರದೆಯಲ್ಲಿ ಏನೂ ಮೂಡುತ್ತಿರಲಿಲ್ಲ, ಬೀಪ್ ಸದ್ದೂ ಇರಲಿಲ್ಲ. ಸಿಆರ್2032 ಬ್ಯಾಟರಿ ತೆಗೆದು ಸಿಮಾಸ್, ಅಂದರೆ ಬಯಾಸ್ ಸೆಟ್ಟಿಂಗ್‌ಗಳ ನೆನಪನ್ನು, ಅಳಿಸಿ ನೋಡಿದೆ, ಒಂದೇ ರ್‍ಯಾಮ್ ಇಟ್ಟು ನೋಡಿದೆ, ಫ್ಯಾಟ್32 ಮಾದರಿಯಲ್ಲಿ ಸಿದ್ಧಪಡಿಸಿದ ಪೆನ್ ಡ್ರೈವ್‌ನಲ್ಲಿ ತಯಾರಕರು ಹೇಳಿದ ಹೆಸರಿನಲ್ಲಿಯೇ ಬಯಾಸ್ ಕಡತವನ್ನು ಹಾಕಿ ನೋಡಿದೆ. ಯಾವುದೂ ಫಲಿಸಲಿಲ್ಲ. ಪೆನ್ ಡ್ರೈವ್‌ನಿಂದ ಚೇತರಿಸಿಕೊಳ್ಳುವ ಸೌಲಭ್ಯ ಹೆಚ್ಚಿನ ಬೋರ್ಡ್‌ಗಳಲ್ಲಿ ಬಯಾಸ್‌ನೊಳಗಿನ ಬೂಟ್ ಬ್ಲಾಕ್ ಎಂಬ ಸಣ್ಣ ಭಾಗವನ್ನು ನೆಚ್ಚಿಕೊಂಡಿರುತ್ತದೆ. ಆ ಭಾಗವೇ ಅಳಿದುಹೋಗಿದ್ದರೆ ಪೆನ್ ಡ್ರೈವನ್ನು ಓದುವವರೇ ಇರುವುದಿಲ್ಲ. ಹಾಗಾಗಿ ಉಳಿದದ್ದು ಒಂದೇ ದಾರಿ: ಬಯಾಸ್ ಇರುವ ಚಿಪ್ಪಿಗೆ ಹೊರಗಿನಿಂದ ಪ್ರೋಗ್ರಾಮರ್ ಎಂಬ ಸಣ್ಣ ಸಾಧನವನ್ನು ಜೋಡಿಸಿ ನೇರವಾಗಿ ಬರೆಯುವುದು.

ಇಲ್ಲಿ ನಾನು ಹಿಂದೊಮ್ಮೆ ಮಾಡಿದ್ದ ತಪ್ಪನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದೇ ಮಾದರಿಯ ಎರಡು ಬೋರ್ಡ್‌ಗಳು ಇದೇ ರೀತಿ ಕೆಟ್ಟಾಗ, ಚಿಪ್ಪಿನಲ್ಲಿ ಇದ್ದುದನ್ನು ಓದಿ ಇಟ್ಟುಕೊಳ್ಳುವ ಗೋಜಿಗೆ ಹೋಗದೆ, ತಯಾರಕರ ಜಾಲತಾಣದಿಂದ ಇಳಿಸಿಕೊಂಡ ಕಡತವನ್ನೇ ಪೂರ್ತಿಯಾಗಿ ಎರಡಕ್ಕೂ ಬರೆದುಬಿಟ್ಟಿದ್ದೆ. ಎರಡೂ ಆನ್ ಆದವು. ನಾನು ಸಂತೋಷಪಟ್ಟೆ. ಮರುದಿನದಿಂದ ಒಂದು ಯಂತ್ರಕ್ಕೆ ನೆಟ್‌ವರ್ಕ್ ಸಿಕ್ಕರೆ ಇನ್ನೊಂದಕ್ಕೆ ತಪ್ಪುವುದು ಶುರುವಾಯಿತು. ಕೇಬಲ್, ಸ್ವಿಚ್, ಡ್ರೈವರ್ ಎಂದು ಎರಡು ದಿನ ಹುಡುಕಿದ ಮೇಲೆ ನೋಡಿದರೆ ಎರಡು ಯಂತ್ರಗಳ ಮ್ಯಾಕ್ ವಿಳಾಸವೂ (ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕೂ ಬೇರೆಬೇರೆಯಾಗಿರಬೇಕಾದ ಗುರುತು) 88-88-88-88-87-88 ಎಂದೇ ಇತ್ತು. ಅದು ನಿಜವಾದ ವಿಳಾಸವಲ್ಲ, ಖಾಲಿ ಜಾಗ ತುಂಬಲು ಇಟ್ಟಿರುವ ಅಂಕಿ. ಅಸಲಿ ವಿಳಾಸ, ಬೋರ್ಡಿನ ಕ್ರಮಸಂಖ್ಯೆ, ವಿಂಡೋಸ್ ಪರವಾನಗಿಯ ಕೀ, ಇವೆಲ್ಲವೂ ಅದೇ ಚಿಪ್ಪಿನಲ್ಲಿದ್ದು, ನನ್ನ ಕೈಯಿಂದಲೇ ಅಳಿದುಹೋಗಿದ್ದವು. ತಯಾರಕರ ಕಡತ ಆ ಮಾದರಿಯ ಎಲ್ಲ ಬೋರ್ಡ್‌ಗಳಿಗೂ ಒಂದೇ. ಚಿಪ್ಪಿನಲ್ಲಿರುವುದು ಆ ಒಂದು ಬೋರ್ಡಿನದು ಮಾತ್ರ. ಅಪ್‌ಡೇಟ್ ಕೆಟ್ಟುಹೋದ ಚಿಪ್ಪಿನಲ್ಲಿಯೂ ಈ ಭಾಗಗಳು ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತವೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಆದ್ದರಿಂದ ಈ ಸಲ ಮೊದಲು ಓದುವುದು, ಓದಿದ್ದು ಸರಿಯಿದೆಯೆಂದು ಖಾತ್ರಿಯಾಗುವ ತನಕ ಒಂದು ಬೈಟ್ ಕೂಡ ಬರೆಯದಿರುವುದು ಎಂದು ನಿಶ್ಚಯಿಸಿದೆ.

ಚಿಪ್ಪು ಎಂಟು ಕಾಲಿನದು, ಮೇಲೆ ವಿನ್‌ಬಾಂಡ್ 25ಕ್ಯೂ128ಎಫ್‌ವಿ ಎಂದಿತ್ತು. 128 ಎಂದರೆ 128 ಮೆಗಾಬಿಟ್, ಅಂದರೆ 16 ಎಂಬಿ. ಕೊನೆಯ ಎರಡು ಅಕ್ಷರಗಳನ್ನು ಭೂತಗನ್ನಡಿ ಹಿಡಿದಾದರೂ ಓದಬೇಕು: ಎಫ್‌ವಿ ಆದರೆ 3.3 ವೋಲ್ಟಿನ ಚಿಪ್ಪು, ಎಫ್‌ಡಬ್ಲ್ಯೂ ಆದರೆ 1.8 ವೋಲ್ಟಿನದು, ಮತ್ತು 1.8 ವೋಲ್ಟಿನ ಚಿಪ್ಪಿಗೆ 3.3 ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗಬಹುದು. ಪ್ರೋಗ್ರಾಮರನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಎಲ್ಲರ ಬಳಿ ಇರುವ ಸಿಎಚ್341ಎ ಪ್ರೋಗ್ರಾಮರ್‌ನ ಕಪ್ಪು ಬಣ್ಣದ ಒಂದು ಮಾದರಿಯಲ್ಲಿ ಚಿಪ್ಪಿಗೆ ಹೋಗುವ ವಿದ್ಯುತ್ 3.3 ವೋಲ್ಟ್ ಇದ್ದರೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಬರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದಾಗ ನನ್ನದೂ ಅಂಥದ್ದೇ ಎಂದು ತಿಳಿಯಿತು. ಅದನ್ನು ಬದಿಗಿಟ್ಟು, ವೋಲ್ಟೇಜನ್ನು ಆರಿಸಿಕೊಳ್ಳಬಹುದಾದ ಇನ್ನೊಂದನ್ನು ತಂದುಕೊಂಡೆ.

ವಿದ್ಯುತ್ ಕೇಬಲ್, ಬ್ಯಾಟರಿ, ಕಾರ್ಡುಗಳು ಎಲ್ಲವನ್ನೂ ತೆಗೆದು, ಪವರ್ ಬಟನ್ ಒತ್ತಿ ಬೋರ್ಡಿನಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿ, ಪ್ರೋಗ್ರಾಮರನ್ನು ಚಿಪ್ಪಿನ ಕಾಲುಗಳಿಗೆ ಜೋಡಿಸುವ ಕ್ಲಿಪ್ಪನ್ನು, ಅದರ ಕೆಂಪು ತಂತಿ ಚಿಪ್ಪಿನ ಮೊದಲ ಕಾಲನ್ನು ತೋರಿಸುವ ಚುಕ್ಕೆಯ ಕಡೆಗೆ ಬರುವಂತೆ ಕಚ್ಚಿಸಿದೆ. ಮೊದಲು ಕೇಳಬೇಕಾದದ್ದು ಚಿಪ್ಪಿನ ಗುರುತು. ಈ ಚಿಪ್ಪು ಇಎಫ್ 40 18 ಎಂದು ಉತ್ತರಿಸಬೇಕು. ನನಗೆ ಬಂದದ್ದು ಬರೀ ಎಫ್‌ಎಫ್, ಅಂದರೆ ಕ್ಲಿಪ್ ಸರಿಯಾಗಿ ಕೂತಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಕಾಲುಗಳನ್ನು ಒರೆಸಿ ಮತ್ತೆ ಕೂರಿಸಿದಾಗ ಗುರುತು ಸರಿಯಾಗಿ ಬಂತು. ಆದರೂ ಮೊದಲ ಎರಡು ಓದುಗಳು ಒಂದಕ್ಕೊಂದು ಹೊಂದಲಿಲ್ಲ. ಚಿಪ್ಪು ಬೋರ್ಡಿನಲ್ಲಿಯೇ ಇರುವಾಗ ಪ್ರೋಗ್ರಾಮರ್ ಕೊಡುವ ವಿದ್ಯುತ್ತಿನಲ್ಲಿ ಒಂದಷ್ಟು ಪಕ್ಕದ ಚಿಪ್‌ಸೆಟ್‌ಗೂ ಹರಿಯುತ್ತದೆ, ಸಂಕೇತ ಅದುರುತ್ತದೆ. ಉದ್ದದ ತಂತಿಯನ್ನು ತೆಗೆದು ಗಿಡ್ಡ ತಂತಿ ಹಾಕಿ, ಕ್ಲಿಪ್ಪನ್ನು ಅಲುಗಾಡದಂತೆ ಆನಿಸಿ, ಮತ್ತೆ ಮೂರು ಸಲ ಓದಿದೆ. ಮೂರೂ ಕಡತಗಳ ಎಸ್‌ಎಚ್‌ಎ-256 ಮೊತ್ತ (ಕಡತದಲ್ಲಿ ಒಂದು ಬಿಟ್ ಬದಲಾದರೂ ಬದಲಾಗುವ ತಾಳೆ ಸಂಖ್ಯೆ) ಒಂದೇ ಬಂದ ಮೇಲೆ ಮಾತ್ರ ಅದನ್ನು ಬ್ಯಾಕಪ್ ಎಂದು ಒಪ್ಪಿಕೊಂಡೆ. ಹಾಗೂ ಹೊಂದದೆ ಇದ್ದಿದ್ದರೆ ಚಿಪ್ಪನ್ನು ಬೋರ್ಡಿನಿಂದ ಬಿಡಿಸುವುದೊಂದೇ ಉಳಿದಿತ್ತು.

ಆ ಕಡತವನ್ನು, ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದಾಗ ಆ ಸಂಜೆ ನಡೆದದ್ದೆಲ್ಲ ಅದರಲ್ಲಿ ಬರೆದಿಟ್ಟಂತೆ ಕಾಣುತ್ತಿತ್ತು. ಈ ಬಗೆಯ ಚಿಪ್ಪಿನಲ್ಲಿ ಬರೆಯುವುದೆಂದರೆ 1 ಇರುವಲ್ಲಿ 0 ಮಾಡುವುದು ಮಾತ್ರ. 0ಯನ್ನು ಮತ್ತೆ 1 ಮಾಡಬೇಕಾದರೆ 4 ಕೆಬಿ ಅಥವಾ 64 ಕೆಬಿಯಂಥ ಇಡೀ ತುಂಡನ್ನೇ ಅಳಿಸಬೇಕು. ಅಳಿಸಿದ ಜಾಗವೆಲ್ಲ ಎಫ್‌ಎಫ್ ಎಂದು ಕಾಣುತ್ತದೆ. ಅಪ್‌ಡೇಟ್ ಎಂದರೆ ಹೀಗೆ ಅಳಿಸುತ್ತ, ಬರೆಯುತ್ತ ಹೋಗುವುದು. ನಡುವೆ ವಿದ್ಯುತ್ ಹೋದರೆ ಅಳಿಸಿದ್ದು ಅಳಿದೇ ಉಳಿಯುತ್ತದೆ. ಇಲ್ಲಿ ಕಡತದ ಕೊನೆಯ ಭಾಗವೆಲ್ಲ ಎಫ್‌ಎಫ್ ಆಗಿತ್ತು. ಪ್ರೊಸೆಸರ್ ಎಚ್ಚರವಾದೊಡನೆ ತನ್ನ ಮೊದಲ ಆದೇಶವನ್ನು ಹುಡುಕುವುದು 4 ಜಿಬಿ ಗಡಿಗಿಂತ 16 ಬೈಟ್ ಹಿಂದಿನ ವಿಳಾಸದಲ್ಲಿ, ಮತ್ತು ಆ ವಿಳಾಸಕ್ಕೆ ಜೋಡಣೆಯಾಗಿರುವುದು ಬಯಾಸ್ ಚಿಪ್ಪಿನ ತುದಿ. ಅಲ್ಲಿ ಏನೂ ಇಲ್ಲದಿದ್ದಾಗ ಫ್ಯಾನ್ ತಿರುಗುವುದನ್ನು ಬಿಟ್ಟು ಬೇರೇನೂ ನಡೆಯದಿದ್ದುದು ಸಹಜವೇ.

ಆದರೆ ಕಡತದ ಆರಂಭ ಗಟ್ಟಿಯಾಗಿತ್ತು. 16ನೆಯ ಬೈಟಿನಿಂದ 5ಎ ಎ5 ಎಫ್0 0ಎಫ್ ಎಂಬ ಗುರುತು, ಅಂದರೆ ಚಿಪ್ಪಿನ ಯಾವ ಭಾಗ ಎಲ್ಲಿದೆಯೆಂದು ಹೇಳುವ ಇಂಟೆಲ್ ಡಿಸ್ಕ್ರಿಪ್ಟರ್, ಹಾಗೆಯೇ ಇತ್ತು. ಮ್ಯಾಕ್ ವಿಳಾಸವಿರುವ ಭಾಗವೂ ಮ್ಯಾನೇಜ್‌ಮೆಂಟ್ ಎಂಜಿನ್ (ಚಿಪ್‌ಸೆಟ್‌ನೊಳಗಿನ ಇಂಟೆಲ್‌ನ ಸಣ್ಣ ನಿಯಂತ್ರಕ) ಭಾಗವೂ ಉಳಿದಿದ್ದವು. ತಯಾರಕರ ಕಡತವನ್ನು ಅಳೆದರೆ 16,779,264 ಬೈಟ್ ಇತ್ತು. ಚಿಪ್ಪಿನ ಅಳತೆ 16,777,216. ಹೆಚ್ಚಿನ 2,048 ಬೈಟ್ ಬರೀ ಮೇಲುಹೊದಿಕೆ; ಅದನ್ನು ಕತ್ತರಿಸಿ ತೆಗೆಯಬೇಕು. ಅನಂತರ ನನ್ನ ಬ್ಯಾಕಪ್ಪಿನ ಒಂದು ಪ್ರತಿಯನ್ನು ತೆಗೆದುಕೊಂಡು, ಡಿಸ್ಕ್ರಿಪ್ಟರ್ ಹೇಳುವ ಗಡಿಗಳ ಪ್ರಕಾರ ಬಯಾಸ್ ಭಾಗವನ್ನಷ್ಟೇ ತಯಾರಕರ ಕಡತದಿಂದ ತಂದು ಕೂರಿಸಿದೆ. ಕ್ರಮಸಂಖ್ಯೆ ಮತ್ತು ಪರವಾನಗಿಯ ಕೀ ಇದ್ದ ಜಾಗ ಹೊಸ ಕಡತದಲ್ಲಿ ಖಾಲಿಯಿರುವುದನ್ನು ನೋಡಿಕೊಂಡು, ಹಳೆಯದರಿಂದ ಆ ತುಂಡನ್ನು ಅದೇ ವಿಳಾಸಕ್ಕೆ ನಕಲಿಸಿದೆ. ಈ ಹೊಂದಾಣಿಕೆಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು, ಬರೆಯುವುದಕ್ಕೆ ಕೆಲವೇ ನಿಮಿಷ. ಬರೆದ ಮೇಲೆ ಚಿಪ್ಪನ್ನು ಮತ್ತೊಮ್ಮೆ ಓದಿ, ಬರೆಯಲು ಸಿದ್ಧಪಡಿಸಿದ ಕಡತದೊಂದಿಗೆ ಹೋಲಿಸಿದೆ. ಎರಡೂ ಒಂದೇ ಆಗಿದ್ದವು.

ಬ್ಯಾಟರಿ ಹಾಕಿ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇತ್ತು. ಫ್ಯಾನ್ ನಿಂತಿತು, ತಾನಾಗಿ ಮತ್ತೆ ತಿರುಗಿತು, ಮತ್ತೆ ನಿಂತಿತು. ಹೊಸ ಬಯಾಸ್ ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳುವಾಗ ಹೀಗಾಗುವುದು ಗೊತ್ತಿದ್ದರೂ ಆ ಒಂದೆರಡು ನಿಮಿಷ ಬಹಳ ದೀರ್ಘವಾಗಿತ್ತು. ನೋಡಲು ಬಂದಿದ್ದ ಅದೇ ಸಹೋದ್ಯೋಗಿ, "ಸರ್, ಒಂದ್ಸಲ ಆಫ್ ಮಾಡಿ ನೋಡೋಣ್ವಾ?" ಎಂದು ಕೇಳಿದರು. ಬೇಡ, ಈಗ ಯಾರೂ ಬಟನ್ ಮುಟ್ಟುವುದು ಬೇಡ ಎಂದು ಹೇಳಿ, ಯಾಕೆ ಬೇಡ ಎಂಬುದನ್ನೂ ಈ ಸಲ ವಿವರಿಸಿದೆ. ಮಾತು ಮುಗಿಯುವಷ್ಟರಲ್ಲಿ ಪರದೆ ಬೆಳಗಿತು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಗಳ ಕೀ ಕೇಳಿತು. ಅದನ್ನು ಮೊದಲೇ ತೆಗೆದಿಟ್ಟುಕೊಂಡಿದ್ದೆ. ವಿಂಡೋಸ್ ಬಂದ ಮೇಲೆ ಮೊದಲು ನೋಡಿದ್ದು ಮ್ಯಾಕ್ ವಿಳಾಸ. ಬೋರ್ಡಿಗೆ ಅಂಟಿಸಿದ್ದ ಚೀಟಿಯಲ್ಲಿನ ಹನ್ನೆರಡು ಅಕ್ಷರಗಳನ್ನು ನಾನು ಓದುತ್ತ ಹೋದೆ, ಅವರು ಪರದೆ ನೋಡುತ್ತ ಒಂದೊಂದಕ್ಕೂ ಹೌದು ಎನ್ನುತ್ತ ಬಂದರು.